ಮಾವನ ಗ್ರಹದ ಕೊಬ್ಬರಿ

ನನ್ನ ಸೋದರಮಾವ ಎರಡು ಬೇಸಿಗೆ ಬೇರೊಂದು ಗ್ರಹದಲ್ಲಿ ವಾಸವಾಗಿದ್ದರು. ಊಟಕ್ಕೆ ಮಾತ್ರ ನಮ್ಮೂರು ಹಂದನಕೆರೆಗೆ ಬಂದು ಹೋಗುತ್ತಿದ್ದರು. ನಂಬುವುದಿಲ್ಲವೇ? ಸಾಕ್ಷಿಗೆ ಸಿನಿಮಾ ಇದೆ! ಕಥೆ, ನಿರ್ದೇಶನ, ನಾಯಕ ಎಲ್ಲವೂ ಮಾವನೇ. ಆಕಾಶನೌಕೆ ಕೆಟ್ಟು ನಿರ್ಜನ ಗ್ರಹದಲ್ಲಿ ಬಿದ್ದವನೊಬ್ಬ ಒಂದು ಮೂಟೆ ತೆಂಗಿನಕಾಯಿ ನೆಚ್ಚಿಕೊಂಡು ಬದುಕುಳಿಯುವ ಕಥೆ. ನೌಕೆಯಲ್ಲಿ ತೆಂಗಿನಕಾಯಿ ಯಾಕಿತ್ತು ಎಂದು ಕೇಳಿದೆ.

"ನಮ್ ಕಡೆಯೋನು ಕಣ್ಲಾ, ಕಾಯಿ ಇಲ್ದೆ ಹೊರಡ್ತಾನಾ?" ಎಂದರು.

ಗಗನಯಾತ್ರಿಯ ಉಡುಪನ್ನು ಚಿಕ್ಕನಾಯಕನಹಳ್ಳಿಯ ಟೈಲರ್ ಭಾಯಿ ಬೆಳ್ಳಿಬಣ್ಣದ ಟಾರ್ಪಾಲಿನಲ್ಲಿ ಹೊಲಿದರು. "ಜೇಬು ಎಷ್ಟಿಡ್ಲಿ ಸಾರ್?" ಎಂದದ್ದಕ್ಕೆ ಮಾವ ಗಂಭೀರವಾಗಿ ಯೋಚಿಸಿ, "ಎಲೆಅಡ್ಕೆಗೊಂದು ಇರ್ಲಿ" ಎಂದರು. ಬೋರನಕಣಿವೆ ಜಲಾಶಯದಲ್ಲಿ ನೀರಿಳಿದು ಬಿರಿದಿದ್ದ ನೆಲವೇ ಗ್ರಹವಾಯಿತು. ಅಲ್ಲಿನ ವಿಚಿತ್ರ ಜೀವಿಯ ಪಾತ್ರ ನನಗೆ. ಮೇಕಪ್ ಯಾವಾಗ ಎಂದು ಕೇಳಿದರೆ, "ನಿಂಗ್ಯಾಕಪ್ಪ ಮೇಕಪ್ಪು?" ಎನ್ನಬೇಕೇ!

ಎಲ್ಲ ಸರಿಯಾಗಿಯೇ ಇತ್ತು, ನೌಕೆಯ ಒಳಾಂಗಣಕ್ಕೆಂದು ಮಾವನ ಕಣ್ಣು ಮನೆಯ ಅಟ್ಟದ ಮೇಲೆ ಬೀಳುವವರೆಗೆ. ನಮ್ಮ ಕಡೆ ಅಟ್ಟವೆಂದರೆ ಕೊಬ್ಬರಿಯ ಬಾಣಂತಿ ಕೋಣೆ. ಸಿಪ್ಪೆ ಸಮೇತ ಕಾಯಿ ಸುರಿದರೆ ಹನ್ನೊಂದು ತಿಂಗಳು ಯಾರೂ ಮುಟ್ಟುವಂತಿಲ್ಲ. ಒಳಗಿನ ನೀರು ತಾನಾಗಿ ಇಂಗಿ ಉಂಡೆ ಕೊಬ್ಬರಿಯಾಗಬೇಕು. ತೋಟ ಮಾವನದಾದರೂ ಅಟ್ಟ ಅತ್ತೆಯದು. ಅತ್ತೆ ತವರಿಗೆ ಹೋದ ವಾರ ಮಾವ ಕಾಯಿಯನ್ನೆಲ್ಲ ಕೆಳಗಿಳಿಸಿ, ಅಲ್ಲಿ ಸೀರಿಯಲ್ ಲೈಟು ಕಟ್ಟಿ ನೌಕೆ ಹಾರಿಸಿಯೇಬಿಟ್ಟರು. ಮರಳಿ ಬಂದ ಅತ್ತೆ ಬೈಯಲಿಲ್ಲ. "ನಿಮ್ ಪಿಚ್ಚರ್ ನಾನು ನೋಡಲ್ಲ ಬುಡಿ" ಎಂದರು, ಅಷ್ಟೇ. ಮಾವ ಸೊರಗಿಹೋದರು. ಲೋಕ ನೋಡದಿದ್ದರೂ ಚಿಂತೆಯಿಲ್ಲ, ಇವಳೊಬ್ಬಳು ನೋಡಬೇಕು ಎಂಬುದೇ ಆಮೇಲಿನ ಜಪವಾಯಿತು.

ಒಂದು ಭಾನುವಾರ ಮಧ್ಯಾಹ್ನ ಸಮುದಾಯ ಭವನದ ಕಿಟಕಿಗಳಿಗೆ ಕಂಬಳಿ ಕಟ್ಟಿ ಪ್ರದರ್ಶನ ಶುರುವಾಯಿತು. ಊರೆಲ್ಲ ಬಂದಿತ್ತು, ಅತ್ತೆ ಬಂದಿರಲಿಲ್ಲ. ಮಾವ ತಮ್ಮದೇ ಸಿನಿಮಾ ಬಿಟ್ಟು ಬಾಗಿಲ ಕಡೆ ನೋಡುತ್ತಿದ್ದರು. ಗಾಳಿಯೇ ಇಲ್ಲದ ಗ್ರಹದಲ್ಲಿ ಬಾವುಟ ಪಟಪಟ ಹಾರಿದ್ದನ್ನು ಯಾರೂ ಪ್ರಶ್ನಿಸಲಿಲ್ಲ. ನಾಯಕನ ಹಿಂದೆ ಎಮ್ಮೆ ಹಾದುಹೋದದ್ದನ್ನೂ ಕ್ಷಮಿಸಿದರು. ಆದರೆ 'ಮೂರು ತಿಂಗಳ ನಂತರ' ಎಂಬ ಅಕ್ಷರ ಮೂಡಿ, ನಾಯಕ ಕಾಯಿ ಒಡೆದು ಉಂಡೆ ಕೊಬ್ಬರಿ ಕಚ್ಚಿದ್ದೇ ತಡ, ಸಭೆ ಕೆರಳಿತು!

"ಮೂರು ತಿಂಗ್ಳಿಗೆ ಕೊಬ್ರಿ ಆಗ್ತೈತೇನ್ರೀ?"

"ತೆಂಗು ಬೆಳೆಯೋನೇ ಹಿಂಗಂದ್ರೆ ಎಂಗಪ್ಪ?"

ಶೂಟಿಂಗಿಗಲ್ಲದೆ ಅಟ್ಟವನ್ನೇ ಹತ್ತದ ಮಾವನಿಗೆ ಆ ಲೆಕ್ಕ ಹೇಗೆ ಗೊತ್ತಿರಬೇಕು? ಜನ ಬಿದ್ದು ಬಿದ್ದು ನಕ್ಕರು. ಯಾರೋ ಪ್ರೊಜೆಕ್ಟರನ್ನೇ ನಿಲ್ಲಿಸಿದರು. ಮಾವ ತಲೆ ತಗ್ಗಿಸಿ ಕೂತರು. ಅಷ್ಟು ಹೊತ್ತು ನಗುತ್ತಿದ್ದ ನನಗೂ ಸಂಕಟವಾಯಿತು.

"ಸುಮ್ಕಿರ್ರೀ ಒಂದ್ಗಳಿಗೆ."

ಬಾಗಿಲಲ್ಲಿ ಅತ್ತೆ ನಿಂತಿದ್ದರು. ಯಾವಾಗ ಬಂದರೋ ಯಾರೂ ನೋಡಿರಲಿಲ್ಲ.

"ಆ ಗ್ರಹದಾಗೆ ಕಾವು ಎಷ್ಟಿರ್ತೈತೆ ಅಂತ ನೀವು ಹೋಗಿ ಕಂಡಿದ್ದೀರಾ? ಅಲ್ಲಿ ಮೂರೇ ತಿಂಗ್ಳಿಗೆ ಆಗ್ತೈತೆ. ಹಾಕಪ್ಪ, ನೋಡಾನ."

ಕೊಬ್ಬರಿಯ ವಿಷಯದಲ್ಲಿ ಅತ್ತೆಗೆ ಎದುರಾಡುವವರು ನಮ್ಮೂರಲ್ಲಿಲ್ಲ. ಸಿನಿಮಾ ಮತ್ತೆ ಶುರುವಾಯಿತು. ಅತ್ತೆ ಸೆರಗು ಹೊದ್ದು ಮಾವನ ಪಕ್ಕದ ಕುರ್ಚಿಯಲ್ಲಿ ಕೂತರು. ಇಷ್ಟು ವರ್ಷ ಅಟ್ಟ ಕಾಯ್ದ ಅವರು ಕೊಬ್ಬರಿಯ ಬಗ್ಗೆ ಸುಳ್ಳು ಹೇಳಿದ್ದು ನನಗೆ ತಿಳಿದಂತೆ ಅದೊಂದೇ ಸಲ. ನಾಯಕ ಭೂಮಿಗೆ ಮರಳಿದ್ದನ್ನು ಊರೆಲ್ಲ ಚಪ್ಪಾಳೆ ತಟ್ಟಿ ನೋಡಿತು. ಮಾವ ಮಾತ್ರ ನೋಡಲಿಲ್ಲ, ಅವರು ಕೊನೆಯವರೆಗೂ ಅತ್ತೆಯನ್ನೇ ನೋಡುತ್ತಿದ್ದರು.