ಹೆಡ್‌ಫೋನು ಮತ್ತು ಹುಲಿಹೈದರದ ಭಜನೆ

ಸಂಗೀತದ ವಿಷಯದಲ್ಲಿ ನನ್ನ ಕಿವಿ ಬಹಳ ಸೂಕ್ಷ್ಮ. ಇದನ್ನು ನಾನೇ ಹೇಳಬೇಕಾಗಿದೆ, ಬೇರೆ ಯಾರೂ ಹೇಳುವುದಿಲ್ಲ. ಇಂಥ ಕಿವಿಗೆ ಗಂಗಾವತಿ ಬಸ್‌ಸ್ಟ್ಯಾಂಡಿನ ಬಳಿ ಕೊಂಡ ಇಯರ್‌ಫೋನು ಸಾಕೇ? ಎರಡು ತಿಂಗಳು ಮೊಬೈಲಿನಲ್ಲಿ ವಿಚಾರಿಸಿ, ಉಚ್ಚ ದರ್ಜೆಯ ಹೆಡ್‌ಫೋನು ತರಿಸಿದೆ. ಹಾಕಿಕೊಂಡರೆ ಹಾಡುವವರ ಉಸಿರು ಕೂಡ ಕೇಳುತ್ತಿತ್ತು!

ಅದೇ ಹುಮ್ಮಸ್ಸಿನಲ್ಲಿ ಹೆಂಡತಿ ಗಿರಿಜೆಯ ತಮ್ಮ ಬಸಣ್ಣನಿಗೆ ಫೋನು ಮಾಡಿದೆ. ನಮ್ಮಿಬ್ಬರ ನಡುವೆ ಒಂದು ಹಳೆಯ ವ್ಯಾಜ್ಯವಿತ್ತು. ನಮ್ಮ ಮದುವೆಯ ಹೊಸತರಲ್ಲಿ ಹುಲಿಹೈದರದ ಮಾವನ ಮನೆಯಲ್ಲಿ ಭಜನೆ ನಡೆಯಿತು. ಯಾರೋ ಅದನ್ನು ಕ್ಯಾಸೆಟ್ಟಿನಲ್ಲಿ ಹಿಡಿದಿದ್ದರು. ಹೊಸ ಅಳಿಯನೆಂದು ಗೌರವದಿಂದ ನನ್ನ ಕೈಗೆ ತಾಳ ಕೊಟ್ಟರು. ತಬಲಾಕ್ಕೆ ಬಸಣ್ಣ. ನಡುವೆ ಲಯ ತಪ್ಪಿ, ಹಾಡೇ ನಿಂತುಹೋಯಿತು. ತಪ್ಪು ತಬಲಾದ್ದೆಂದು ನಾನು ತುಂಬಿದ ಸಭೆಯಲ್ಲಿ ತೀರ್ಪು ಕೊಟ್ಟೆ. ಬಸಣ್ಣ ತುಟಿ ಪಿಟಕ್ಕೆನ್ನಲಿಲ್ಲ. ಆದರೆ ಆಮೇಲೆ ಇಪ್ಪತ್ತು ವರ್ಷ ತಬಲಾ ಮುಟ್ಟಲೂ ಇಲ್ಲ.

"ಅವತ್ತಿನ ಕ್ಯಾಸೆಟ್ಟು ಮೊಬೈಲಿಗೆ ಹಾಕಿಸೇನಿ ಬಸಣ್ಣ. ರವಿವಾರ ಬಾ. ನಿನ್ನ ತಬಲಾ ಎಲ್ಲಿ ತಪ್ಪಿತ್ತು ಅಂತ ನೀನ ಕೇಳುವಂತಿ!"

"ಬರತೀನಿ ಮಾಮಾ," ಎಂದ.

ಅವನನ್ನು ಕರೆದ ಮೇಲೆ ನಾನು ಕೇಳಲು ಕೂತೆ. ಮೊದಲೇ ಕೇಳಬಹುದಿತ್ತು. ಆದರೆ ಅಷ್ಟು ಬುದ್ಧಿ ಇದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ!

ತಬಲಾ ನೆಟ್ಟಗೆ ನಡೆಯುತ್ತಿದೆ. ಅದರ ಹಿಂದೆ ಕುಂಟುತ್ತ, ಎಡವುತ್ತ ಒಂದು ತಾಳ ಬರುತ್ತಿದೆ. ಪಾಪ, ಬಸಣ್ಣ ಎರಡು ಸಲ ನಿಧಾನ ಮಾಡಿ ನನಗಾಗಿ ಕಾದಿದ್ದಾನೆ. ನಾನು ಸಿಕ್ಕಿಲ್ಲ. ಕೊನೆಗೆ ಕಿವಿಯೊಳಗೇ ನಿಂತು ಕೂಗಿದಂತೆ ನನ್ನದೇ ದನಿ: "ಏ ಬಸ್ಯಾ, ತಬಲಾ ನೆಟ್ಟಗ ಬಾರಸೋ!"

ಬಸಣ್ಣನಿಗೆ ಗೊತ್ತಾದರೆ? ಗಿರಿಜೆಗೆ ಗೊತ್ತಾದರೆ? ಬಸಣ್ಣನಾದರೆ ಬೈದು ಊರಿಗೆ ಹೋಗುತ್ತಾನೆ. ಗಿರಿಜೆ ಎಲ್ಲಿಗೂ ಹೋಗುವುದಿಲ್ಲ!

ಮರುದಿನ ಬೆಳಿಗ್ಗೆಯೇ ಫೋನು ಮಾಡಿದೆ. "ಬಸಣ್ಣ, ಹೆಡ್‌ಫೋನ್ ಕೆಟ್ಟೈತಿ. ಬರಬ್ಯಾಡ."

"ಚಿಂತಿ ಬ್ಯಾಡ್ರಿ ಮಾಮಾ. ರಿಪೇರಿ ಮಾಡೋ ದೋಸ್ತ ಅದಾನ, ಕರ್ಕೊಂಡ ಬರತೀನಿ."

"ಬ್ಯಾಡ, ಬ್ಯಾಡ! ಈಗ ಸರಿ ಹೋತು!"

"ಇಷ್ಟ ಲಗೂನ?"

"ಭಾಳ ಛಲೋ ಕಂಪನಿ ಅದು. ತಾನ ಸರಿ ಹೋಗತೈತಿ!"

ಇನ್ನು ಸಾಕ್ಷ್ಯನಾಶವೊಂದೇ ದಾರಿ. ರೆಕಾರ್ಡಿಂಗ್ ಅಳಿಸಲು ಹೋದೆ. ಕನ್ನಡಕ ಹಾಕಿರಲಿಲ್ಲ. ಯಾವುದೋ ಗುಂಡಿ ಒತ್ತಿದೆ. ರೆಕಾರ್ಡಿಂಗ್ ಅಳಿಯಲಿಲ್ಲ, ಮಾವನ ಮನೆಯ ವಾಟ್ಸಾಪ್ ಗುಂಪಿಗೆ ಹೋಯಿತು! ಕ್ಷಣದಲ್ಲಿ ಹದಿನಾಲ್ಕು ಜನ ಕೈಮುಗಿದರು. ಅವರ ಮೊಬೈಲಿನಲ್ಲಿ ಬರೀ ಗಜಿಬಿಜಿ ಕೇಳಿಸೀತು ಎಂದು ಧೈರ್ಯ ತಂದುಕೊಂಡೆ. ಉಳಿದ ಅಪಾಯ ಹೆಡ್‌ಫೋನು ಮಾತ್ರ. ಅದನ್ನು ಜೋಳದ ಹಿಟ್ಟಿನ ಡಬ್ಬಿಯ ತಳದಲ್ಲಿ ಹೂತಿಟ್ಟೆ.

ರವಿವಾರ ಬಸಣ್ಣ ಬಂದ. ತಮ್ಮ ಬಂದನೆಂದು ಅಕ್ಕ ರೊಟ್ಟಿ ಮಾಡಲು ಹೊರಟಳು. ಮಾಡದೆ ಇರುತ್ತಾಳೆಯೇ? ಇದನ್ನು ನಾನು ಯೋಚಿಸಿರಲಿಲ್ಲ.

"ಏನ್ರಿ, ಇದನ್ಯಾಕ ಹಿಟ್ಟಿನ್ಯಾಗ ಇಟ್ಟೀರಿ?"

"ಇಲಿ ಕಾಟ ಭಾಳ ಆಗೇತಲ್ಲ..."

"ಇಲಿ ಹಾಡ ಕೇಳತಾವೇನ್ರಿ?"

ಬಸಣ್ಣ ಹಿಟ್ಟು ಝಾಡಿಸಿ ಕಿವಿಗೆ ಹಾಕಿಕೊಂಡು, ಗುಂಪಿಗೆ ಬಂದಿದ್ದ ಭಜನೆಯನ್ನು ತನ್ನ ಮೊಬೈಲಿನಲ್ಲಿ ಹಚ್ಚಿದ. ನಾನು ಬಾಗಿಲು ಹಿಡಿದು ನಿಂತೆ. ಅವನು ಕಣ್ಣು ಮುಚ್ಚಿದ. ಬೆರಳುಗಳು ತಾವಾಗಿಯೇ ತೊಡೆಯ ಮೇಲೆ ಬಾರಿಸತೊಡಗಿದವು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಹೋಗಿ ಅವನ ಕಿವಿಯಿಂದ ಹೆಡ್‌ಫೋನು ತೆಗೆದೆ.

"ತಪ್ಪು ನಂದ ಐತಿ ಬಸಣ್ಣ. ತಾಳ ನಂದ ತಪ್ಪಿತ್ತು."

"ಗೊತ್ತೈತ್ರಿ ಮಾಮಾ. ಅವತ್ತ ಗೊತ್ತಿತ್ತು."

"ಮತ್ತ ಯಾಕ ಹೇಳಲಿಲ್ಲೋ?"

"ಹೊಸ ಅಳಿಯಾಗ ಮಂದ್ಯಾಗ ಹೆಂಗ ಹೇಳೂದು? ಅಪ್ಪ ಸುಮ್ಮನಿರು ಅಂತ ಕಣ್ಣಸನ್ನಿ ಮಾಡಿದ."

"ಅದಕ್ಕ ತಬಲಾನ ಬಿಡೂದೇನೋ?"

ಬಸಣ್ಣ ತಲೆ ತಗ್ಗಿಸಿದ. "ನಾ ತಬಲಾ ಹಿಡದ್ರ ನೀವು ತಾಳ ಹಿಡೀತೀರಿ ಅಂತ ಹೆದರಿಕಿರಿ."

ಇಪ್ಪತ್ತು ವರ್ಷ! ನಾನು ಅವನಿಗೆ ಹೆದರಿದ್ದು ಬರೀ ನಾಲ್ಕು ದಿನ. ಆಸರೆಗೆಂದು ಗಿರಿಜೆಯ ಕಡೆ ನೋಡಿದೆ. ಅವಳ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ.

"ಅವತ್ತ ಅಡಗಿಮನ್ಯಾಗ ರೊಟ್ಟಿ ಬಡಿಯೋ ಹೆಂಗಸರಿಗೆಲ್ಲ ಕೇಳಿತ್ರಿ. ನಿಮಗೊಬ್ಬರಿಗೆ ಕೇಳಾಕ ಇಷ್ಟ ದೊಡ್ಡ ಹೆಡ್‌ಫೋನ್ ಬೇಕಾತು!"

ಮುಂದಿನ ಸೋಮವಾರ ಹುಲಿಹೈದರದ ಭಜನೆಗೆ ಬಸಣ್ಣ ತಬಲಾ ಮುಂದಿಟ್ಟುಕೊಂಡು ಕೂತ. ನಾನೂ ಹೋಗಿದ್ದೆ. ನಾನು ಒಳಗೆ ಕಾಲಿಟ್ಟದ್ದೇ ತಡ, ಮುದಿ ಮಾವ ತಾಳವನ್ನು ಎತ್ತಿ ತಮ್ಮ ಮಡಿಲಲ್ಲಿ ಇಟ್ಟುಕೊಂಡರು.

"ಬರ್ರಿ ಅಳಿಯಂದ್ರ. ನೀವು ಪ್ರಸಾದ ಹಂಚ್ರಿ."

ಬಾಯಿ ಮುಚ್ಚಿಕೊಂಡು ಮಂಡಕ್ಕಿ ಹಂಚಿದೆ. ಕೊನೆಯ ಸಾಲಿನವರಿಗೆ ಸಾಲಲಿಲ್ಲ. ಅಳಿಯನಲ್ಲವೇ, ಯಾರೂ ಏನೂ ಅನ್ನಲಿಲ್ಲ!