ಮಾವ ಹುಡುಕಿದ ತೊಗಲು

ನನ್ನ ಸೋದರಮಾವನಿಗೆ ಮನುಷ್ಯರ ಮುಖ ನೆನಪಿರುವುದಿಲ್ಲ. ಇದು ನಾನು ಹೊರಿಸುತ್ತಿರುವ ಅಪವಾದವಲ್ಲ, ಅವರೇ ಒಪ್ಪಿಕೊಂಡ ಸಂಗತಿ. ಮದುವೆ ಮನೆಯಲ್ಲಿ ತಮ್ಮ ಸ್ವಂತ ಬೀಗರನ್ನು "ತಮ್ಮದು ಯಾವೂರಾಯ್ತು?" ಎಂದು ಕೇಳಿ, ಅವರು ಊಟದ ಎಲೆ ಬಿಟ್ಟು ಎದ್ದುಹೋಗುವಂತೆ ಮಾಡಿದವರು. ಆದರೆ ಒಮ್ಮೆ ನೋಡಿದ ಎಮ್ಮೆಯ ಬೆನ್ನನ್ನು ಅವರು ಮರೆತದ್ದನ್ನು ನಾನಂತೂ ಕಂಡಿಲ್ಲ. ಕೆರೆಯ ಆಚೆ ದಡದಲ್ಲಿ ಮೇಯುವ ಎಮ್ಮೆಯನ್ನು ಬಸ್ಸಿನ ಕಿಟಕಿಯಿಂದಲೇ ನೋಡಿ, "ಅಗೋ, ಕೊರಟಗೆರೆ ಸಂತೇಲಿ ನೋಡಿದ್ನಲ್ಲ, ಎಡಗಡೆ ಪಕ್ಕೇಲಿ ಬರೆ ಇರೋದು, ಅದೇಯ! ಇಲ್ಲಿಗೆ ಮಾರಿಬುಟ್ಟವ್ರೆ!" ಎನ್ನುತ್ತಾರೆ. ಎಮ್ಮೆಗೂ ಅವರ ಗುರುತು ಸಿಗುತ್ತದೆಯೋ ಏನೋ. ಅವರು ಹಾಗೆ ಕೂಗಿದಾಗ ಅದು ತಲೆಯೆತ್ತಿ ಬಸ್ಸಿನ ಕಡೆ ನೋಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ!

ಮಧುಗಿರಿಯಲ್ಲಿ ಮಾವನದೊಂದು ಚಪ್ಪಲಿ ಅಂಗಡಿ. ಸುತ್ತಲಿನ ಅಂಗಡಿಗಳೆಲ್ಲ ಸಿದ್ಧ ಚಪ್ಪಲಿ ತರಿಸಿ ಮಾರುವ ಈ ಕಾಲದಲ್ಲಿ ಅವರು ಇನ್ನೂ ತೊಗಲು ಕೊಂಡು, ಹದಕ್ಕೆ ಕಳಿಸಿ, ಕಾಲಿನ ಅಳತೆ ತೆಗೆದು ಹೊಲಿಯುತ್ತಾರೆ. ಹೊಲಿಗೆಯನ್ನಾದರೂ ಬೇರೆಯವರಿಗೆ ಬಿಟ್ಟಾರು, ತೊಗಲು ಆರಿಸುವುದನ್ನು ಬಿಡರು. ಅದಕ್ಕಾಗಿ ಸಿರಾದ ಗೋದಾಮಿಗೆ ಹೊರಟರೆಂದರೆ ಅದು ಒಂದು ದಿಗ್ವಿಜಯ. ನಾನು ಮಧುಗಿರಿಯಲ್ಲೇ ಶಾಲಾ ಶಿಕ್ಷಕಿ. ರಜೆಯ ದಿನಗಳಲ್ಲಿ ಬೇರೆಯವರು ಸಿನಿಮಾಕ್ಕೆ ಹೋಗುವಂತೆ ನಾನು ಮಾವನ ಜೊತೆ ಗೋದಾಮಿಗೆ ಹೋಗುತ್ತಿದ್ದೆ. ವಾಸನೆಯ ವಿಷಯ ಕೇಳಬೇಡಿ. ಮೂಗು ಸ್ವಲ್ಪ ಹೊತ್ತು ಪ್ರತಿಭಟಿಸಿ ಆಮೇಲೆ ಸುಮ್ಮನಾಗುತ್ತದೆ.

ಅಲ್ಲಿ ಮಾವ ಉಪ್ಪು ಸವರಿದ ತೊಗಲೊಂದನ್ನು ನೆಲಕ್ಕೆ ಹಾಸುತ್ತಾರೆ. ಅದರ ಮುಂದೆ ಕುಕ್ಕರುಗಾಲಿನಲ್ಲಿ ಕೂರುತ್ತಾರೆ. ಬಾಯನ್ನು ಹತ್ತಿರ ತಂದು ಕೂದಲನ್ನು "ಉಫ್" ಎಂದು ಊದಿ ಇಬ್ಭಾಗ ಮಾಡಿ, ಬುಡ ನೋಡುತ್ತಾರೆ. ಇನ್ನೊಂದು ಅಂಗುಲ ಸರಿದು ಮತ್ತೆ "ಉಫ್". ಹೀಗೆ ಬಾಲದಿಂದ ಕುತ್ತಿಗೆಯವರೆಗೆ! ಆಮೇಲೆ ಶುರುವಾಗುತ್ತದೆ ಜೀವನಚರಿತ್ರೆ.

"ಇದು ಬೇಲಿ ತಂತಿ ಗೀರಿದ್ದು. ಇದು ಉಣ್ಣಿ ಕಡಿದ ತೂತು. ಇಲ್ಲಿ ಕಾಗೆ ಕುಕ್ಕೈತೆ. ಇದು ನೋಡು, ಬರೆ. ಹೊಟ್ಟೆನೋವಿಗೆ ಹಾಕವ್ರೆ. ಹೊಟ್ಟೆ ಇರೋದಿಲ್ಲಿ, ಬರೆ ಹಾಕಿರೋದಲ್ಲಿ! ಯಾವ ಮಹಾಪಂಡಿತನೋ!"

"ಇದು, ಮಾವ?" ಎಂದು ನಾನೊಂದು ನುಣುಪಾಗಿ ಸವೆದ ಜಾಗ ತೋರಿಸಿದೆ.

ಮಾವ ಅಲ್ಲಿ ಹೆಬ್ಬೆರಳಿಟ್ಟು ಮೆಲ್ಲಗೆ ಸವರಿದರು. "ಗೋಡೆಗೆ ಮೈ ಉಜ್ಕಳ್ತಿತ್ತು ಕಣವ್ವ. ದಿನಾ ಒಂದೇ ಕಡೆ. ಪಾಪ, ಅದೊಂದು ಸುಖ ಅದಕ್ಕೆ."

ನನಗೆ ಮೈ ಜುಮ್ಮೆಂದಿತು. ಸತ್ತ ಪ್ರಾಣಿಯೊಂದರ ಸುಖ ಹೀಗೆ ಎಲ್ಲೋ ಉಳಿದಿರುತ್ತದೆಂದು, ಅದನ್ನು ಬೆರಳಿಟ್ಟು ಓದಬಲ್ಲವರೊಬ್ಬರು ನಮ್ಮ ಮನೆಯವರೇ ಎಂದು ಯಾರಿಗೆ ಗೊತ್ತಿತ್ತು?

ಗೋದಾಮಿನ ಸಾಹೇಬರಿಗೆ ಮಾತ್ರ ಇದರಿಂದ ಜುಮ್ಮೆನ್ನುತ್ತಿರಲಿಲ್ಲ. ಅವರಿಗೆ ಮಧ್ಯಾಹ್ನದ ಊಟ ತಡವಾಗುತ್ತಿತ್ತು. "ಅರೇ ಭಾಯ್, ನೀವು ಚಮಡಾ ನೋಡಾಕೆ ಬಂದ್ರೋ, ಹುಡುಗಿ ನೋಡಾಕೆ ಬಂದ್ರೋ?"

"ಹುಡುಗಿ ನೋಡಾಕೆ ನಾನು ಇಷ್ಟೊತ್ತು ತಗಂಡಿರ್ಲಿಲ್ಲ ಸಾಬ್ರೇ."

"ಹಾಂ, ಭಾಭಿ ನಿಮ್ಮನ್ನ ಇಷ್ಟೊತ್ತು ನೋಡಿದ್ರೆ ಬ್ಯಾಡ ಅಂತಿದ್ರು!"

ತೊಗಲಿನ ಕಲೆ ತೊಗಲಾದ ಮೇಲೆ ಹೋಗುವುದಿಲ್ಲ, ಆದ್ದರಿಂದ ಎಮ್ಮೆ ಬದುಕಿದ್ದಾಗಲೇ ಅದನ್ನು ನೋಡಿಕೊಳ್ಳಬೇಕು: ಇದು ಮಾವನ ಸಿದ್ಧಾಂತ. ಹಾಗಾಗಿ ಅವರು ಬೇವಿನೆಣ್ಣೆಯ ಸೀಸೆ ಹಿಡಿದು ಊರೂರು ತಿರುಗಿ, ಯಾರದೋ ಎಮ್ಮೆಗಳ ಉಣ್ಣಿ ಕಿತ್ತು ಎಣ್ಣೆ ಹಚ್ಚಿ ಬರುತ್ತಿದ್ದರು. ಪುಣ್ಯದ ಕೆಲಸವೇ. ಆದರೆ ಎಮ್ಮೆಯ ಮಾಲೀಕರ ಕಡೆಯಿಂದ ಯೋಚಿಸಿ ನೋಡಿ! ತೊಗಲಿನವನೊಬ್ಬ ಬಾಗಿಲಲ್ಲಿ ನಿಂತು, "ಏನಮ್ಮ, ಎಮ್ಮೆ ಹೆಂಗೈತೆ?" ಎಂದು ಕಕ್ಕುಲಾತಿಯಿಂದ ಕೇಳಿದರೆ ಯಾರಿಗೆ ತಾನೆ ಎದೆ ಹೊಡೆದುಕೊಳ್ಳುವುದಿಲ್ಲ? "ಬೋ ಚೆನ್ನಾಗೈತೆ ಕಣಣ್ಣ, ನಿನಗಿಂತ ಗಟ್ಟಿಯಾಗೈತೆ, ನೀನ್ ನಡಿ ಮುಂದಕ್ಕೆ!" ಎಂದು ಹೆಂಗಸರು ಎಮ್ಮೆಯನ್ನು ಹಿತ್ತಲಿಗೆ ಅಟ್ಟುತ್ತಿದ್ದರು.

ಮುಳ್ಳುತಂತಿಯ ಬೇಲಿ ಕಂಡರಂತೂ ಮಾವನಿಗೆ ಆಗುವುದಿಲ್ಲ. ಚನ್ನರಾಯನದುರ್ಗದ ಕಡೆ ದನಗಳು ತಿರುಗಾಡುವ ದಾರಿಯಲ್ಲಿ ಅಂಥದ್ದೊಂದು ಬೇಲಿ ಇತ್ತು. ಮಾವ ಮನೆಯಿಂದ ಹಳೇ ಸೀರೆಯ ಚೂರುಗಳನ್ನು ಒಯ್ದು ಅದರ ಮುಳ್ಳುಮುಳ್ಳಿಗೂ ಸುತ್ತಿ ಬಂದರು. ಕೆಲವು ವಾರ ಬಿಟ್ಟು ಹೋಗಿ ನೋಡಿದರೆ, ಅವರು ಕಟ್ಟದ ಬಟ್ಟೆಗಳೂ ಅಲ್ಲಿದ್ದವು. ಹಳದಿ ಬಟ್ಟೆ, ಕೆಂಪು ಬಟ್ಟೆ, ಒಂದೆರಡು ಹಸಿರು ಬಳೆ! ಹರಕೆಯ ಬೇಲಿಯೆಂದು ಯಾರೋ ತಿಳಿದು, ಅವರನ್ನು ನೋಡಿ ಇನ್ಯಾರೋ ಕಟ್ಟಿ, ಕೊನೆಗೆ ಬೇಲಿಯ ಬುಡದಲ್ಲಿ ಒಂದು ತೆಂಗಿನಕಾಯಿ ಹೋಳೂ ಬಿದ್ದಿತ್ತು. "ಮಾವ, ನಿಜ ಹೇಳಿಬಿಡೋಣ" ಎಂದೆ. ಮಾವ ಬೇಲಿಯನ್ನು ಈ ತುದಿಯಿಂದ ಆ ತುದಿಯವರೆಗೆ ಪರೀಕ್ಷಿಸಿ, "ಕಟ್ಲಿ ಬುಡವ್ವ. ತಂತಿ ಮುಚ್ಚಿದ್ರೆ ಸರಿ" ಎಂದರು.

ಇಷ್ಟಕ್ಕೆಲ್ಲ ಚೂರುಚೂರಾದದ್ದು ಯಾರ ಸೀರೆಗಳು ಹೇಳಿ? ಅತ್ತೆಯವು. ಮಾವನ ಹೆಂಡತಿಯಾದ ಈ ನನ್ನ ಅತ್ತೆ ನಗುನಗುತ್ತಲೇ ಬದುಕನ್ನು ದಾಟುವ ಹೆಂಗಸು. "ನಾನು ಎಮ್ಮೆಯಾಗಿ ಹುಟ್ಬೇಕಿತ್ತು ಕಣಮ್ಮ" ಎನ್ನುತ್ತಿದ್ದರು. "ದಿನಾ ಬೆನ್ನು ಸವರಿ ಹೆಂಗಿದೀಯ ಅಂತ ಕೇಳೋರು."

"ಎಮ್ಮೆ ಇಷ್ಟೊಂದು ಮಾತಾಡಲ್ಲ ಕಣೇ" ಎಂದು ಮಾವ ಒಳಗಿನಿಂದ.

ಇನ್ನು ಮುಂದಿನದನ್ನು ನಿಧಾನವಾಗಿ ಹೇಳಬೇಕು. ನೋಡಿದ್ದನ್ನು ನೋಡಿದ ಹಾಗೆ.

ಅದೊಂದು ಭಾನುವಾರದ ಮಧ್ಯಾಹ್ನ. ಮಾವನೂ ನಾನೂ ಊಟಕ್ಕೆ ಕುಳಿತಿದ್ದೆವು. ಅತ್ತೆ ಕಡಲೆಕಾಯಿ ಹೊಲದಿಂದ ಆಗತಾನೆ ಬಂದು, ಚಪ್ಪಲಿಯನ್ನು ಹಿತ್ತಲಲ್ಲಿ ಬಿಟ್ಟು, ಮುದ್ದೆ ಮತ್ತು ಹುರುಳಿಕಾಳಿನ ಸಾರು ಬಡಿಸುತ್ತಿದ್ದರು. ಏನೋ ಹೇಳಿ ನಗುತ್ತಿದ್ದರು. ನೆಲದ ಮೇಲೆ ಒಂದು ಕಲೆ ಕಂಡಿತು. ಸಾರು ಚೆಲ್ಲಿರಬೇಕು ಎಂದುಕೊಂಡೆ. ಹಿತ್ತಲ ಬಾಗಿಲಿನಿಂದ ಒಲೆಯವರೆಗೆ, ಒಲೆಯಿಂದ ಮಾವನ ತಟ್ಟೆಯವರೆಗೆ, ಅಲ್ಲಿಂದ ನನ್ನ ತಟ್ಟೆಯವರೆಗೆ ಅಂಥವೇ ಕಲೆಗಳು, ಒಂದರ ಹಿಂದೆ ಒಂದು. ಮಾವನೂ ಅವನ್ನು ನೋಡುತ್ತಿದ್ದರು. ಗೋದಾಮಿನಲ್ಲಿ ನೋಡುವ ಹಾಗೆಯೇ, ಆ ತುದಿಯಿಂದ ಈ ತುದಿಗೆ. ಅವರ ಕೈ ತಟ್ಟೆಯಲ್ಲೇ ನಿಂತಿತು.

"ನಿಂತ್ಕ" ಎಂದರು.

"ಯಾಕೆ, ಸಾರು ಸಾಲದಾ?" ಎಂದರು ಅತ್ತೆ.

ಮಾವ ಎಂಜಲು ಕೈಯಲ್ಲೇ ಅವರ ಪಾದ ಎತ್ತಿದರು. ಬಳ್ಳಾರಿ ಜಾಲಿಯ ಮುಳ್ಳೊಂದು ಸವೆದ ಚಪ್ಪಲಿಯನ್ನು ತೂರಿ ಬಂದು, ಕಿರುಬೆರಳ ಬುಡದಲ್ಲಿ ಪೂರ್ತಿ ಇಳಿದು ಮುರಿದಿತ್ತು. ಅತ್ತೆ ಗೋಡೆ ಹಿಡಿದು, ಒಂಟಿಕಾಲಿನಲ್ಲಿ ನಿಂತು, ಬಗ್ಗಿ ನೋಡಿ, ಬೇರೆ ಯಾರದೋ ಕಾಲು ನೋಡಿದವರಂತೆ ಹೇಳಿದರು: "ಅಯ್ಯೋ, ಇದ್ಯಾವಾಗ?"

ಸಕ್ಕರೆ ಕಾಯಿಲೆ ಇತ್ತು, ಮಾತ್ರೆ ನುಂಗುತ್ತಿದ್ದರು. ಪಾದಗಳು ಸದ್ದಿಲ್ಲದೆ ಜೀವ ಕಳೆದುಕೊಂಡದ್ದು ಅವರಿಗೇ ಗೊತ್ತಿರಲಿಲ್ಲ. ಗಾಯ ಕೀವಾಯಿತು. ತುಮಕೂರಿನ ಆಸ್ಪತ್ರೆಯಲ್ಲಿ ಕಿರುಬೆರಳು ತೆಗೆದರು. ವೈದ್ಯರು ಮಾವನನ್ನು ಪಕ್ಕಕ್ಕೆ ಕರೆದು ಹೇಳಿದಾಗ ನಾನೂ ಪಕ್ಕದಲ್ಲಿದ್ದೆ. ಇನ್ನೊಂದು ಗಾಯವಾದರೆ, ಚಪ್ಪಲಿ ಉಜ್ಜಿ ಆಗುವ ಸಣ್ಣ ಬೊಬ್ಬೆಯಾದರೂ ಸರಿ, ಈ ಪಾದ ಉಳಿಸುವುದು ಕಷ್ಟ. ಅವರಿಗೆ ನೋವು ಗೊತ್ತಾಗುವುದಿಲ್ಲ, ನೀವೇ ನೋಡಿಕೊಳ್ಳಬೇಕು.

ಕೆರೆಯಾಚೆಯ ಎಮ್ಮೆಯ ಬರೆ ಕಂಡವರು ಮಾವ. ಬಸ್ಸಿನಲ್ಲಿ ಮಧುಗಿರಿಯವರೆಗೂ ಅವರು ಕಿಟಕಿಯಾಚೆ ನೋಡಲಿಲ್ಲ.

ಆಸ್ಪತ್ರೆಯವರು ಮೆತ್ತನೆಯ ರಬ್ಬರಿನ ಚಪ್ಪಲಿ ಕೊಟ್ಟಿದ್ದರು. ಮಾವ ಅದನ್ನು ಹಿಂದೆ ಮುಂದೆ ತಿರುಗಿಸಿ, "ಅಡಿ ಸರಿಯಾಗೈತೆ, ಪಟ್ಟಿ ಉಜ್ತದೆ" ಎಂದು ತೀರ್ಪು ಕೊಟ್ಟು, ಪಟ್ಟಿ ಕಿತ್ತರು. ಅದೇ ರಬ್ಬರಿಗೆ ಹೊಸ ಪಟ್ಟಿ ಹಾಕಬೇಕು, ಅದಕ್ಕೆ ಮೆತ್ತನೆಯ ಮೇಕೆಯ ತೊಗಲೇ ಆಗಬೇಕು, ಅದರಲ್ಲಿ ಒಂದು ಕಲೆಯೂ ಇರಬಾರದು. ಕಲೆಯಿದ್ದರೆ ನೋಟ ಕೆಡುತ್ತದೆ, ಅಷ್ಟೇ ತಾನೆ ಎಂದುಕೊಂಡಿದ್ದೆ ನಾನು. ಅಷ್ಟೇ ಅಲ್ಲವೆಂದು ಮಾವ ತೋರಿಸಿದರು. ವಾಸಿಯಾದ ಗಾಯದ ಜಾಗದಲ್ಲಿ ತೊಗಲು ಅಕ್ಕಿಕಾಳಿನಷ್ಟು ಗಟ್ಟಿಯಾಗಿರುತ್ತದೆ, ನಮಗಾದರೆ ಚುಚ್ಚುತ್ತದೆ, ಬಿಚ್ಚಿ ಎಸೆಯುತ್ತೇವೆ. ಅತ್ತೆ ನಡೆಯುತ್ತಲೇ ಇರುತ್ತಾರೆ.

ಅಂಗಡಿಗೆ ಬೀಗ ಬಿತ್ತು. ಸಿರಾದ ಸಾಹೇಬರು ಈ ಸಲ ಊಟದ ಮಾತೆತ್ತದೆ ಒಂದೊಂದೇ ತೊಗಲು ತಾವೇ ಹಾಸಿಕೊಟ್ಟರು. ಮಾವ ಊದಿದರು, ನೋಡಿದರು, ಪಕ್ಕಕ್ಕಿಟ್ಟರು. ನಮ್ಮ ಸೀಮೆಯ ಮೇಕೆಗಳು ಬೆಳೆಯುವುದೇ ಜಾಲಿಯ ಮೆಳೆಗಳ ನಡುವೆ. ಗೀರಿಲ್ಲದ ಮೇಕೆ ಎಲ್ಲಿಂದ ಬರಬೇಕು? "ಅಲ್ಲಾ ಮಾಡಿದ ಚಮಡಾ ಭಾಯ್, ಮಿಶಿನ್ ಮಾಡಿದ್ದಲ್ಲ" ಎಂದರು ಸಾಹೇಬರು ಮೆಲ್ಲಗೆ. ಕೊರಟಗೆರೆ ಆಯಿತು. ಪಾವಗಡದ ಕಡೆ ಹೊರಟೆವು.

ನಾಗಲಮಡಿಕೆಯ ಹತ್ತಿರದ ಒಂದು ಹಳ್ಳಿಯಲ್ಲಿ, ಮನೆಯಂಗಳದಲ್ಲಿ ಕಟ್ಟಿದ್ದ ಮೇಕೆಯೊಂದನ್ನು ಕಂಡು ಮಾವ ನಿಂತರು. ನಿಂತವರು ಕುಳಿತರು. ಕುಳಿತವರು ಅದರ ಪಕ್ಕೆಯ ಕೂದಲನ್ನು ಊದತೊಡಗಿದರು! ಒಳಗಿನಿಂದ ಒಬ್ಬ ಅಜ್ಜಿ ಪೊರಕೆ ಹಿಡಿದೇ ಬಂದಳು. ಆ ಸೀಮೆಯವರ ಮಾತು ಅರ್ಧ ಕನ್ನಡ, ಅರ್ಧ ತೆಲುಗು.

"ಏಮಯ್ಯಾ, ಮಾ ಮ್ಯಾಕೆಗೆ ಯಾಕಯ್ಯಾ ಊದ್ತಾ ಇದೀಯ? ಅದೇನ್ ಒಲೇನಾ?"

"ನೋಡ್ತಾವ್ನಿ ತಾಯಿ, ಅಷ್ಟೇಯ."

"ಸೂಸಿದ್ದಾಯ್ತಲ್ಲ, ಇಂಕ ಪೋ!"

ಮಾವ ಎದ್ದು ನಿಂತರು. "ನನ್ನ ಹೆಂಡ್ತಿ ಕಾಲ್ಗೆ ತಾಯಿ. ಅವಳಿಗೆ ನೋವು ಗೊತ್ತಾಗಲ್ಲ" ಎಂದರು. ಆಸ್ಪತ್ರೆಯಿಂದ ಬಂದ ಮೇಲೆ ಅವರು ಈ ಮಾತನ್ನು ಬಾಯಿಬಿಟ್ಟು ಹೇಳಿದ್ದು ನಾನು ಕೇಳಿದಂತೆ ಅದೇ ಮೊದಲು. ಹೇಳಿದ್ದು ಗುರುತಿಲ್ಲದ ಒಬ್ಬ ಅಜ್ಜಿಗೆ.

ಅಜ್ಜಿ ಪೊರಕೆ ಕೆಳಗಿಟ್ಟಳು. ಒಳಗೆ ಹೋಗಿ, ಉಪ್ಪು ಹಾಕಿ ಮಡಿಸಿಟ್ಟ ತೊಗಲೊಂದನ್ನು ತಂದಳು. ಮನೆಯಲ್ಲಿ ಯಾವುದೋ ಕಾರ್ಯಕ್ಕೆ ಕಡಿದ ಮೇಕೆಯದು. "ಈ ಮ್ಯಾಕೆ ಅಕ್ಕನೇ ಅದು. ತಾಯಿ ಸತ್ತೋಗಿ ಮನೇಲೇ ಬೆಳೀತು, ಹುಣಸೆ ಚಿಗುರು ತಿನ್ಕಂಡು. ಬೇಲಿ ಕಡೆ ಹೋಗಿದ್ದೇ ಲೇದು" ಎಂದಳು. ಮಾವ ಅಲ್ಲೇ ಜಗುಲಿಯ ಮೇಲೆ ಅದನ್ನು ಹಾಸಿ ಊದಿದರು. ಕತ್ತಿನ ಹತ್ತಿರ ಹಗ್ಗದ ಗುರುತು, ಹೊಟ್ಟೆಯ ಹತ್ತಿರ ಒಂದೆರಡು ಉಣ್ಣಿಯ ತೂತು. ಆದರೆ ಬೆನ್ನಿನುದ್ದಕ್ಕೂ, ಒಂದು ಜೊತೆ ಪಟ್ಟಿಗೆ ಆಗುವಷ್ಟು ಜಾಗದಲ್ಲಿ, ಏನೂ ಇರಲಿಲ್ಲ. ಏನೂ ಇಲ್ಲದ್ದನ್ನು ಅಷ್ಟು ಹೊತ್ತು ನೋಡುವ ಮನುಷ್ಯನನ್ನು ನಾನು ಅಂದೇ ಕಂಡದ್ದು.

ತೊಗಲು ಹದವಾಗಿ ಬಂತು. ಮಾವ ಪಟ್ಟಿ ಕತ್ತರಿಸಿ, ಬೆರಳಿಗೆ ಜಡ್ಡು ಕಟ್ಟಿದೆ, ಅದನ್ನು ನಂಬಬಾರದು ಎಂದು ಕಣ್ಣು ಮುಚ್ಚಿ ರೆಪ್ಪೆಯ ಮೇಲೆ ಅದನ್ನು ಎಳೆದು ನೋಡಿದರು. ಹೊಲಿಗೆಯ ಗಂಟುಗಳೆಲ್ಲ ಹೊರಗಡೆ, ಒಳಗೆ ಬರೀ ನುಣುಪು. ಆಮೇಲೆ ನನ್ನ ಸರದಿ. ನನ್ನ ಪಾದವೂ ಅತ್ತೆಯದೂ ಒಂದೇ ಅಳತೆ. ಒಂದು ವ್ಯತ್ಯಾಸ ಈಗಷ್ಟೇ ಬಂದದ್ದು. ಅದಕ್ಕೆ ಮಾವ ನನ್ನ ಕಿರುಬೆರಳನ್ನು ಬಟ್ಟೆಯಲ್ಲಿ ಪಕ್ಕದ ಬೆರಳಿಗೆ ಬಿಗಿದು ಕಟ್ಟಿ, ಬೆಟ್ಟದ ಬುಡದ ಏರಿನಲ್ಲಿ ಹತ್ತಿಸಿದರು, ಇಳಿಸಿದರು. ಮೇಷ್ಟ್ರಮ್ಮ ಕುಂಟುತ್ತ ಬಂಡೆಯ ಬುಡದಲ್ಲಿ ಓಡಾಡುವುದನ್ನು ನೋಡಿದ ನನ್ನ ವಿದ್ಯಾರ್ಥಿನಿಯರು ಏನೆಂದುಕೊಂಡರೋ!

"ಎಲ್ಲಿ ಒತ್ತುತ್ತೆ?"

"ಎಲ್ಲೂ ಇಲ್ಲ ಮಾವ."

"ಎಲ್ಲೂ ಇಲ್ಲ ಅನ್ನಬ್ಯಾಡ ಕಣವ್ವ. ನಿಮ್ಮತ್ತೇನೂ ಅದನ್ನೇ ಅಂತಾಳೆ."

ಮತ್ತೆ ಹತ್ತಿದೆ. ಮತ್ತೆ ಇಳಿದೆ. ನನ್ನ ಚರ್ಮದ ಒಂದೊಂದೇ ಜಾಗವನ್ನು ಕೇಳಿ ಕೇಳಿ ಉತ್ತರ ಹೇಳಿದೆ. ಹಿಮ್ಮಡಿಯ ಹತ್ತಿರ ಕೂದಲೆಳೆಯಷ್ಟು ಬಿಗಿ ಎಂದೆ. ಬಿಚ್ಚಿ ಹೊಲಿದರು. ಕೊನೆಗೆ ನಿಜವಾಗಿಯೂ ಎಲ್ಲೂ ಏನೂ ಇರಲಿಲ್ಲ. ಅಷ್ಟು ಹಿತವಾದ ಚಪ್ಪಲಿಯನ್ನು ನಾನು ಹಿಂದೆಂದೂ ಮೆಟ್ಟಿರಲಿಲ್ಲ. ಬಿಚ್ಚಿಕೊಡಲು ಮನಸ್ಸೇ ಬರಲಿಲ್ಲ.

ಅತ್ತೆ ಅದನ್ನು ಹಾಕಿಕೊಂಡು ಬೀದಿಗಿಳಿದ ಬೆಳಿಗ್ಗೆ ನಾನು ಬಾಗಿಲಲ್ಲಿ ನಿಂತಿದ್ದೆ. ನಮ್ಮಲ್ಲಿ ಗಂಡ ಮುಂದೆ, ಹೆಂಡತಿ ಹಿಂದೆ. ಮಾವ ಮದುವೆಯಾದಂದಿನಿಂದ ಹಾಗೇ ನಡೆದವರು. ಅವರು ಮುಂದೆ ಹೋಗಲಿ ಎಂದು ಅತ್ತೆ ಕಾದರು. ಮಾವ ಕದಲಲಿಲ್ಲ.

"ನೀನ್ ಮುಂದೆ ನಡಿ."

"ಯೇ, ಬುಡಿ. ನೋಡಿದೋರು ಏನಂದ್ಕಂಡಾರು?"

"ನೋಡಿದೋರು ನಿನ್ ಕಾಲು ನೋಡ್ಕಳಲ್ಲ. ನಡಿ."

ಅತ್ತೆ ನಾಚಿಕೊಂಡು, ಸೆರಗು ಸರಿ ಮಾಡಿಕೊಂಡು ಹೊರಟರು. ಸ್ವಲ್ಪ ದೂರ ಹೋಗಿ ನಿಂತರು. ತಿರುಗದೆ, ಕೆಳಗೂ ನೋಡದೆ, ಮೆಲ್ಲಗೆ ಕೇಳಿದರು:

"ಕಾಲಲ್ಲಿ ಅವಾ?"

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಇಷ್ಟು ಊರು ಅಲೆದು ತಂದ ಆ ಮೆತ್ತನೆಯ ತೊಗಲು ತಮ್ಮ ಪಾದದ ಮೇಲೆ ಇದೆಯೋ ಇಲ್ಲವೋ ಎಂಬುದೇ ಅತ್ತೆಗೆ ತಿಳಿಯುವಂತಿರಲಿಲ್ಲ. ನಾನು ಮಾವನ ಮುಖ ನೋಡಿದೆ. ಅವರು ನನ್ನ ಕಡೆಯಾಗಲಿ, ಬೀದಿಯ ಕಡೆಯಾಗಲಿ ನೋಡುತ್ತಿರಲಿಲ್ಲ. ಅವರ ಕಣ್ಣು ಅತ್ತೆಯ ಹಿಮ್ಮಡಿಗಳ ಮೇಲಿತ್ತು.

"ಅವೆ. ನಡಿ" ಎಂದರು.

ಅತ್ತೆ ನಡೆದರು. ನಲ್ಲಿಯ ಹತ್ತಿರ ಮತ್ತೆ ನಿಂತರು. ಅವರಿಬ್ಬರೂ ಸಣ್ಣದಾಗಿ ಕಾಣುತ್ತ, ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೂ ಆ ಎರಡು ದನಿಗಳು ನನಗೆ ಕೇಳಿಸುತ್ತಿದ್ದವು.

"ಅವಾ?"

"ಅವೆ ಕಣೇ. ನಾನು ನೋಡ್ತಾವ್ನಲ್ಲ, ನಡಿ."