ಗಾಡಿ ಇಲ್ಲದ ಬೀದಿ

ಶ್ರೀರಂಗಪಟ್ಟಣದ ಕೋಟೆಯೊಳಗೆ ಜನರನ್ನು ನಡೆಸುತ್ತೇನೆ ಅಂತ ಹೊರಟ ದಿನದಿಂದ ನನಗೆ ಇಂಥ ಪೇಚುಗಳು ತಪ್ಪಿದ್ದಿಲ್ಲ. ಕೇಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನನಗೆ ನಗು ಬಂದು ಬಹಳ ಕಾಲವಾಯಿತು.

ನಾನು ಊರಿನ ರಸ್ತೆ, ಸಂಚಾರದ ಯೋಜನೆ ಮಾಡುವ ಇಂಜಿನಿಯರು. ಕೋಟೆಯೊಳಗಿನ ಒಂದೇ ಒಂದು ಹಳೇ ಬೀದಿಯನ್ನು ಗಾಡಿಗಳಿಂದ ಬಿಡಿಸಿ ನಡೆಯುವವರಿಗೆ ಕೊಡಬೇಕು, ಅಲ್ಲಿನ ಅಂಗಡಿ ಜಗಲಿಗಳಿಗೆ ಮತ್ತೆ ಜೀವ ಬರಬೇಕು ಅನ್ನುವುದು ನನ್ನ ಆಸೆ. ನಾನು ಹುಟ್ಟಿ ಬೆಳೆದ ಬೀದಿ ಅದು. ಮೇಲಧಿಕಾರಿ ಬಂದು ನೋಡಿ ಒಪ್ಪಿದರೆ ಹಾಗೇ ಉಳಿಯುತ್ತದೆ, ಇಲ್ಲದಿದ್ದರೆ ಪಾರ್ಕಿಂಗ್ ಜಾಗವಾಗುತ್ತದೆ ಎಂದು ಷರತ್ತು.

ನಡೆದು ಬಂದ ಸುದ್ದಿ

ಮೊದಲು ಬೀದಿಯವರ ಸಭೆ ಕರೆದೆ. ನಡೆಯುವುದು ಒಳ್ಳೆಯದು ಅಂತ ಎಲ್ಲರೂ ಒಪ್ಪಿದರು. ಎಲ್ಲರಿಗಿಂತ ಜೋರಾಗಿ ಒಪ್ಪಿದ ಹಾರ್ಡ್‌ವೇರ್ ಅಂಗಡಿ ಯಜಮಾನರು ಸಭೆ ಮುಗಿದ ಮೇಲೆ ಬೈಕು ಹತ್ತಿದರು. "ಅಲ್ಲಾ ಯಜಮಾನ್ರೇ, ನಿಮ್ಮ ಮನೆ ಇಲ್ಲಿಂದಲೇ ಕಾಣಿಸ್ತಿದೆಯಲ್ಲ?" ಅಂದೆ.

"ನಡ್ಕೊಂಡೋದ್ರೆ ಸಿಕ್ಕೋರೆಲ್ಲ 'ಯಾಕಣ್ಣ, ಗಾಡಿ ಏನಾಯ್ತು' ಅಂತಾರೆ ಸಾ. ಎಲ್ರಿಗೂ ಉತ್ರ ಹೇಳಿ ಮನೆ ಸೇರೋವಷ್ಟ್ರಲ್ಲಿ ಮುದ್ದೆ ಆರೋಗಿರ್ತದೆ."

ನಾನಾದರೂ ಮಾದರಿಯಾಗೋಣ ಅಂತ ಸ್ಕೂಟರನ್ನು ಅಲ್ಲೇ ಬಿಟ್ಟು ನಡೆದೇ ಹೊರಟೆ. ಮನೆ ತಲುಪುವಷ್ಟರಲ್ಲಿ ಪಕ್ಕದ ಮನೆಯಾಕೆ ಎಳನೀರು ಹಿಡಿದು ಬಂದು ಕೂತಿದ್ದರು. ನಾನು ಗಾಡಿ ಇಲ್ಲದೆ ಬರುತ್ತಿದ್ದೇನೆ ಎಂದರೆ ಎಲ್ಲೋ ಬಿದ್ದು ಪೆಟ್ಟಾಗಿದೆ ಅಂತ ಬೀದಿಯವರೇ ತೀರ್ಮಾನಿಸಿದ್ದರು.

ಎತ್ತರ ಚೆನ್ನಾಗಿದೆ

ಆಮೇಲೆ ಕಲ್ಲು ಹಾಸಿ ಫುಟ್‌ಪಾತು ಮಾಡಿಸಿದೆವು. ಪ್ಲಾಸ್ಟಿಕ್ ಬಿಂದಿಗೆ ಮಾರುವವರೊಬ್ಬರು ಕೈ ಮುಗಿದು, "ಒಳ್ಳೆ ಎತ್ರ ಮಾಡ್ಸಿದ್ದೀರಿ ಸಾ, ಮಳೆ ಬಂದ್ರೂ ಸಾಮಾನು ನೆನೆಯಾಕಿಲ್ಲ" ಅಂದರು. ಇದ್ದಬದ್ದ ಬಿಂದಿಗೆಗಳೆಲ್ಲ ಫುಟ್‌ಪಾತಿನ ಮೇಲಿದ್ದವು. ನಡೆಯುವವರು ಎಲ್ಲಿ ನಡೆಯಬೇಕು ಅಂತ ಕೇಳಿದೆ. ಅವರು ನನ್ನನ್ನೇ ಮರುಕದಿಂದ ನೋಡಿ, "ರೋಡ್ ಐತಲ್ಲ" ಅಂದರು.

ಸದ್ದಿಲ್ಲದ ಗಾಡಿ

ಬಸ್ಸಿಳಿದವರನ್ನು ಗಂಜಾಂ ದೇವಸ್ಥಾನಕ್ಕೆ ಒಯ್ಯಲು ಬ್ಯಾಟರಿ ಗಾಡಿ ತರಿಸಿದೆವು. ಹೊಗೆಯೂ ಇಲ್ಲ, ಸದ್ದೂ ಇಲ್ಲ. ಮೊದಲ ದಿನವೇ ಕೆ.ಆರ್.ಪೇಟೆ ಕಡೆಯ ಒಂದು ಕುಟುಂಬ ಹತ್ತಿ ಕೂತಿತು. ಡ್ರೈವರು ಕೀಲಿ ತಿರುಗಿಸಿದ. ಯಾವ ಸದ್ದೂ ಬರಲಿಲ್ಲ.

"ಇದು ಸ್ಟಾರ್ಟ್ ಆಗಾಂಗಿಲ್ಲ ಕಣ್ಲಾ, ಇಳೀರ್ಲಾ, ತಳ್ಳವ" ಅಂದರು ಹಿರಿಯರು. ಗಂಡಸರೆಲ್ಲ ಪಂಚೆ ಎತ್ತಿ ಕಟ್ಟಿ ತಳ್ಳಿದರು. ಗಾಡಿ ಮುಂದಕ್ಕೆ ಹೋಯಿತು. ಸದ್ದು ಇನ್ನೂ ಬರಲಿಲ್ಲವಾದ್ದರಿಂದ ತಳ್ಳುತ್ತಲೇ ಗಂಜಾಂ ಮುಟ್ಟಿಸಿದರು. ಇದು ಸದ್ದಿಲ್ಲದೇ ಓಡುತ್ತೆ ಅಂತ ಯಾಕಯ್ಯಾ ಹೇಳಲಿಲ್ಲ ಅಂತ ಸಂಜೆ ಡ್ರೈವರನ್ನು ಗದರಿದೆ.

"ಚಾರ್ಜು ಉಳೀತು ಬುಡಿ ಸಾ" ಅಂದ. "ವಾಪಸ್ ಬರೋವಾಗ್ಲೂ ಇದೇ ಗಾಡಿ ಬೇಕು ಅಂತ ಕಾಯ್ತಾವ್ರೆ."

ಹುರುಳಿ

ಕೊನೆಗೆ ಮೇಲಧಿಕಾರಿ ಬರುವ ದಿನ ಬಂತು. ಹಿಂದಿನ ದಿನ ಬೀದಿಯ ಎರಡೂ ತುದಿಗೆ ಕಬ್ಬಿಣದ ಕಂಬ ನೆಡಿಸಿದ್ದೆ. ಆಂಬುಲೆನ್ಸಿಗೆಂದು ಎತ್ತಿಡಬಹುದಾದ ಒಂದು ಕಂಬಕ್ಕೆ ಮಾತ್ರ ಬೀಗ, ಕೀ ನನ್ನ ಹತ್ತಿರ. ಇವತ್ತಾದರೂ ಬೀದಿ ಉಳಿಯುತ್ತದೆ ಅಂತ ಬೆಳಿಗ್ಗೆ ಕಾರನ್ನು ಕಂಬದಾಚೆ ನಿಲ್ಲಿಸಿ ಹೋಗಿ ನೋಡಿದರೆ ಈ ತುದಿಯಿಂದ ಆ ತುದಿಯವರೆಗೂ ಹುರುಳಿ ಹರಡಿದ್ದರು.

ನಮ್ಮ ಕಡೆ ಹುರುಳಿ ಕಿತ್ತು ತಂದು ರಸ್ತೆಗೆ ಹಾಸಿಬಿಟ್ಟರೆ ಆಯಿತು, ಹೋಗಿ ಬರುವ ಗಾಡಿಗಳೇ ತುಳಿದು ಕಾಳು ಬಿಡಿಸುತ್ತವೆ. ಹಾಸಿದ ರೈತ ಮತ್ತು ಅವನ ಹೆಂಡತಿ ಜಗಲಿಯ ಮೇಲೆ ಸಪ್ಪೆ ಮುಖ ಹಾಕಿಕೊಂಡು ಕೂತಿದ್ದರು.

"ಪ್ರತಿ ವರ್ಸ ಇಲ್ಲೇ ಹಾಕೋದು ಸಾ. ಇವತ್ತು ಒಂದ್ ಗಾಡೀನೂ ಬತ್ತಿಲ್ಲ. ಯಾವನೋ ಕಂಬ ನೆಟ್ಟವ್ನೆ" ಅಂದ.

ಆ ಯಾವನೋ ನಾನೇ ಅಂತ ಹೇಳಲಿಲ್ಲ. ದೊಡ್ಡ ಸಾಹೇಬರು ಬರುತ್ತಾರೆ, ದಯವಿಟ್ಟು ಎತ್ತಿಬಿಡಪ್ಪ ಅಂತ ಬೇಡಿಕೊಂಡೆ.

"ಈಗ ಎತ್ತುದ್ರೆ ಕಾಳೆಲ್ಲ ಕಲ್ಲು ಸಂದೀಗೋಯ್ತವೆ" ಅಂದಳು ಅವನ ಹೆಂಡತಿ. "ನಿಮ್ದು ಕಾರೈತಲ್ಲ? ನಾಕು ಸುತ್ತು ಓಡ್ಸಿ. ಬಿರ್ರನೆ ಬಾಚ್ಕೊಂಡು ಹೊಂಟೋಯ್ತೀವಿ."

ಬೇರೆ ದಾರಿ ಕಾಣಲಿಲ್ಲ. ಬೀಗ ತೆಗೆದು, ಕಂಬ ಎತ್ತಿಟ್ಟು, ಕಾರು ತಂದೆ. ಹೋಗುವುದು, ಬರುವುದು, ಹೋಗುವುದು, ಬರುವುದು. ಜನ ಹೊರಗೆ ಬಂದು ಜಗಲಿಗಳ ಮೇಲೆ ಕೂತು ಹರಟುತ್ತಾ ನೋಡತೊಡಗಿದರು. ಯೋಜನೆಯಲ್ಲಿ ನಾನು ಬರೆದದ್ದು ಅಕ್ಷರಶಃ ಹಾಗೇ ಇತ್ತು.

ಆಗ ಎದುರಿನಿಂದ ಯಾರೋ ಹುರುಳಿಯ ಮೇಲೆ ಕಾಲು ಎತ್ತೆತ್ತಿ ಇಡುತ್ತಾ ನಡೆದು ಬಂದರು. "ಪಕ್ಕಕ್ ಬನ್ನಿ ಸ್ವಾಮಿ, ಗಾಡಿ ಬತ್ತಾ ಐತೆ" ಅಂತ ರೈತನ ಹೆಂಡತಿ ಕೂಗಿದಳು.

ಅವರೇ ಮೇಲಧಿಕಾರಿ. ನನ್ನ ಪತ್ರದಲ್ಲಿ ಕೋರಿದ್ದಂತೆ ಕಾರನ್ನು ಬಸ್‌ಸ್ಟ್ಯಾಂಡಿನಲ್ಲೇ ಬಿಟ್ಟು ನಡೆದು ಬಂದಿದ್ದರು. ಕಾರಿನೊಳಗೆ ನನ್ನನ್ನು ನೋಡಿ, "ಈ ಬೀದಿಗೆ ಗಾಡಿ ಬರೋದಿಲ್ಲ ಅಂದಿದ್ರಲ್ಲ?" ಅಂದರು.

ನಾನು ಕಾರು ನಿಲ್ಲಿಸಿ ಇಳಿದೆ. ರೈತನೇ ನನ್ನ ಪರವಾಗಿ ಮುಂದೆ ಬಂದ. "ಬತ್ತಾನೇ ಇರ್ಲಿಲ್ಲ ಸಾ, ಬೆಳಗಿಂದ ಒಂದೂ ಇಲ್ಲ. ಪಾಪ, ಇವ್ರೊಬ್ರೇ ಬಂದು ಓಡುಸ್ತಾವ್ರೆ."

ಈಗ ಅದು ಪಾರ್ಕಿಂಗ್ ಜಾಗ. ನಾನು ಹುಟ್ಟಿ ಬೆಳೆದ ಮನೆಯ ಜಗಲಿಗೂ ಯಾರದೋ ವ್ಯಾನು ಒರಗಿ ನಿಂತಿರುತ್ತದೆ. ಆ ಕಡೆ ತಿರುಗಿ ನೋಡುವುದನ್ನೇ ಬಿಟ್ಟಿದ್ದೇನೆ.

ಮೊನ್ನೆ ಆ ರೈತ ಕಚೇರಿಗೆ ಹುಡುಕಿಕೊಂಡು ಬಂದ. ಇಷ್ಟು ದಿನದಲ್ಲಿ ನನ್ನ ಯೋಜನೆ ಬೇಕು ಅಂತ ತಾನಾಗಿ ಬಂದವನು ಅವನೊಬ್ಬನೇ.

"ಎಲ್ಲಾ ಸುಮ್ನೆ ನಿಂತ್ಕೊಂಡವೆ ಸಾ, ಒಂದೂ ಓಡಾಕಿಲ್ಲ, ಹುರುಳಿ ಹಾಸಕ್ಕೂ ಜಾಗಿಲ್ಲ" ಅಂದ. "ಆ ಕಂಬಾನೇ ನೆಟ್ಬುಡಿ. ಓಡ್ಸಕ್ಕೆ ಹೆಂಗೂ ನೀವಿದ್ದೀರಲ್ಲ."